ಕೆಳಗಿನ ಹಲಗೆಯ ಪುಸ್ತಕಗಳು

2025ರ ಸೆಪ್ಟೆಂಬರ್ 24ರ ಮಧ್ಯಾಹ್ನ ಎಸ್.ಎಲ್. ಭೈರಪ್ಪನವರು ತೀರಿಕೊಂಡರು ಅಂತ ಫೋನಿಗೆ ಸುದ್ದಿ ಬಂತು. ಕೈಲಿದ್ದ ಕೆಲಸ ಬಿಟ್ಟು ಪುಸ್ತಕದ ಕಪಾಟಿನ ಮುಂದೆ ಹೋಗಿ ನಿಂತೆ. ಅವರ ಎರಡು ಪುಸ್ತಕ ಹೊರಗೆ ತೆಗೆದೆ. ಒಂದು ‘ಗೃಹಭಂಗ’. ಅದು ಮೇಲಿನ ಹಲಗೆಯಲ್ಲಿದೆ, ಕೈ ಚಾಚಿದರೆ ಸಿಗುತ್ತದೆ. ಇನ್ನೊಂದು ‘ಭಿತ್ತಿ’. ಅದಕ್ಕೆ ನೆಲದ ಮೇಲೆ ಕೂರಬೇಕು.

ನಮ್ಮ ಮನೆಯ ಕಪಾಟಿಗೆ ಐದು ಹಲಗೆ. ಮೇಲಿನ ನಾಲ್ಕರಲ್ಲಿ ಕಥೆ, ಕಾದಂಬರಿ. ಕೊನೆಯದರಲ್ಲಿ ಉಳಿದದ್ದೆಲ್ಲ. ಆತ್ಮಕಥೆ, ಪ್ರವಾಸ, ಚರಿತ್ರೆ, ಗಿಡಮರದ ಪುಸ್ತಕ. ಬೇಕೆಂದೇ ಹಾಗೆ ಜೋಡಿಸಿದ್ದಲ್ಲ. ಅಡುಗೆಮನೆಯಲ್ಲಿ ಸಾಸಿವೆ ಡಬ್ಬಿ ಕೈಗೆಟಕುವ ಹಾಗೆ ಇಡುತ್ತೇವಲ್ಲ, ಹಾಗೆ ಪದೇ ಪದೇ ಬೇಕಾಗುವ ಪುಸ್ತಕಗಳು ತಾವಾಗಿಯೇ ಮೇಲೆ ಹೋಗಿ ಕೂತವು. ನಾನು ಕಾದಂಬರಿ ಓದುವವಳು. ವರ್ಷಕ್ಕೆ ಮೂರೋ ನಾಲ್ಕೋ ಸಲ ಮಾತ್ರ ಆ ಕೊನೆಯ ಹಲಗೆಯ ಮುಂದೆ ಕೂರುತ್ತೇನೆ. ಆದರೆ ಅಲ್ಲಿಂದ ತೆಗೆದ ಪುಸ್ತಕಗಳು ನನ್ನ ಮನಸ್ಸಿನಿಂದ ಬೇಗ ಇಳಿದು ಹೋಗುವುದಿಲ್ಲ. ಯಾಕೆ ಹೀಗೆ ಅಂತ ತುಂಬಾ ದಿನದಿಂದ ಯೋಚನೆ ಮಾಡುತ್ತಿದ್ದೆ.

ನನ್ನ ಓದು ಶುರುವಾದದ್ದು ತಿಪಟೂರಿನ ಒಂದು ಬಾಡಿಗೆ ಲೈಬ್ರರಿಯಲ್ಲಿ. ಹತ್ತಡಿಗೆ ಹತ್ತಡಿ ಕೋಣೆ. ಎಲ್ಲ ಪುಸ್ತಕಕ್ಕೂ ಖಾಕಿ ಬಣ್ಣದ ರಟ್ಟು, ಬೆನ್ನಿನ ಮೇಲೆ ಬಿಳಿ ಪೇಂಟಿನಲ್ಲಿ ನಂಬರು. ಅಮ್ಮನ ಹೆಸರಿನಲ್ಲಿ ಒಂದು ಖಾತೆ ಇತ್ತು. ತ್ರಿವೇಣಿ, ಎಂ.ಕೆ. ಇಂದಿರಾ, ಸಾಯಿಸುತೆ, ಅ.ನ.ಕೃ., ಭೈರಪ್ಪ. ಅಮ್ಮ ಓದಿ ಮುಗಿಸಿದ ಮೇಲೆ ವಾಪಸ್ ಕೊಡುವ ಮೊದಲು ನನಗೆ ಒಂದು ರಾತ್ರಿ ಸಿಗುತ್ತಿತ್ತು. ಒಂದೇ ರಾತ್ರಿಯಲ್ಲಿ ಓದಿ ಮುಗಿಸುವುದನ್ನು ನಾನು ಕಲಿತದ್ದು ಹಾಗೆ. ಕೊನೆಯ ಪುಟದಲ್ಲಿ ಏನಾಗುತ್ತದೆ ಅನ್ನುವ ತವಕ ಇರುವ ಪುಸ್ತಕವೇ ಪುಸ್ತಕ ಅಂತ ಆಗ ಅಂದುಕೊಂಡಿದ್ದೆ. ಒಂದು ದಿನ ಲೈಬ್ರರಿಯವರನ್ನು ‘ಆತ್ಮಕಥೆ ಇಲ್ವಾ?’ ಅಂತ ಕೇಳಿದ್ದೆ. ಕಾಲೇಜಿನಲ್ಲಿ ಅದರ ಬಗ್ಗೆ ಪ್ರಬಂಧ ಬರೆಯಬೇಕಿತ್ತು. ‘ಅದನ್ನ ಯಾರಮ್ಮ ಬಾಡಿಗೆಗೆ ತಗೊಂಡು ಹೋಗ್ತಾರೆ?’ ಅಂದರು. ಅವರ ಮಾತು ಸರಿ ಅಂತಲೇ ನನಗೂ ಅನಿಸಿತು. ಹುಟ್ಟಿದ್ದು, ಓದಿದ್ದು, ಕೆಲಸ ಸಿಕ್ಕಿದ್ದು, ಸನ್ಮಾನ ಆಗಿದ್ದು. ಇದರಲ್ಲಿ ಕುತೂಹಲಕ್ಕೆ ಏನಿದೆ?

ಈಗಲೂ ಕೆಲವು ಆತ್ಮಕಥೆಗಳ ಬಗ್ಗೆ ನನ್ನ ಅಭಿಪ್ರಾಯ ಬದಲಾಗಿಲ್ಲ. ಅರ್ಧ ಪುಸ್ತಕ ಶಾಲು ಹೊದಿಸುವ ಫೋಟೋಗಳೇ ಇದ್ದರೆ ಓದುವುದು ಕಷ್ಟ. ಬಾಲ್ಯದ ಅಧ್ಯಾಯ ಎಷ್ಟು ಚೆನ್ನಾಗಿರುತ್ತದೆ, ಅಲ್ವಾ? ಹಸಿವು, ಹೊಳೆ, ಜಾತ್ರೆ, ಮೇಷ್ಟ್ರ ಬೆತ್ತ. ಕೆಲಸಕ್ಕೆ ಸೇರಿದ ಅಧ್ಯಾಯದಿಂದ ಬರೆದವರ ಕೈ ಬಿಗಿಯಾಗುತ್ತದೆ. ಬದುಕಿರುವವರ ಹೆಸರು ಬರಲು ಶುರುವಾಗುತ್ತದೆ, ಹಾಗಾಗಿ ಎಲ್ಲರೂ ಸಹೃದಯರು, ಎಲ್ಲರೂ ಉಪಕಾರಿಗಳು. ಅಲ್ಲಿಗೆ ನಾನು ಪುಸ್ತಕ ಮುಚ್ಚಿಡುತ್ತೇನೆ.

‘ಗೃಹಭಂಗ’ವನ್ನು ನಾನು ಒಂದು ರಾತ್ರಿಯಲ್ಲಿ ಓದಲಿಲ್ಲ. 1992ರ ಬೇಸಿಗೆ ರಜದಲ್ಲಿ ಅದನ್ನು ಅಜ್ಜಿಗೆ ಗಟ್ಟಿಯಾಗಿ ಓದಿ ಹೇಳಿದೆ. ಅಜ್ಜಿಗೆ ಎರಡು ಕಣ್ಣಿಗೂ ಪೊರೆ ಬಂದಿತ್ತು, ಇನ್ನೂ ಆಪರೇಷನ್ ಆಗಿರಲಿಲ್ಲ. ಮಧ್ಯಾಹ್ನ ಊಟ ಆದ ಮೇಲೆ ಜಗುಲಿಯ ಮೇಲೆ ಗೋಡೆಗೆ ಒರಗಿ ಕಾಲು ಚಾಚಿ ಕೂರುತ್ತಿದ್ದಳು. ಕಾದಂಬರಿಯ ಅತ್ತೆ ಗಂಗಮ್ಮನ ಬೈಗುಳ ಬಂದಾಗ ನನಗೆ ಓದಲು ಸಂಕೋಚ. ‘ಓದೇ, ಅದಕ್ಕೇನಂತೆ, ನಮ್ಮತ್ತೆ ಇದಕ್ಕಿಂತ ಚೆನ್ನಾಗಿ ಬೈಯೋಳು’ ಅನ್ನುತ್ತಿದ್ದಳು. ಸೊಸೆ ನಂಜಮ್ಮ ಗಂಡ ಮಾಡಬೇಕಾದ ಶಾನುಭೋಗಿಕೆಯ ಲೆಕ್ಕವನ್ನು ತಾನು ಬರೆಯುವುದು, ಮುತ್ತುಗದ ಎಲೆ ಹಚ್ಚಿ ಮಕ್ಕಳ ಹೊಟ್ಟೆ ಹೊರೆಯುವುದು ಬಂದಾಗ ಅಜ್ಜಿ ಸುಮ್ಮನೆ ತನ್ನ ಕೈಬೆರಳು ನೋಡಿಕೊಳ್ಳುತ್ತಿದ್ದಳು. ಎಲೆಯ ಕಡ್ಡಿ ಚುಚ್ಚಿ ಚುಚ್ಚಿ ಅವಳ ಬೆರಳ ತುದಿಯೂ ಒರಟಾಗಿತ್ತು.

ಪ್ಲೇಗಿನ ಭಾಗಕ್ಕೆ ಬಂದಾಗ ಅವಳು ನನ್ನನ್ನು ನಿಲ್ಲಿಸಿದಳು.

‘ಮೊದಲು ಇಲಿ ಬೀಳ್ತವೆ ಪುಟ್ಟಿ. ಜಂತೆಯಿಂದ ಕೆಳಕ್ಕೆ ಬಿದ್ದು ಗಿರಗಿರ ಸುತ್ತಿ ಸಾಯ್ತವೆ. ಇಲಿ ಬಿದ್ದ ಮೇಲೆ ಮನೇಲಿ ಇರಂಗಿಲ್ಲ. ತೋಟದಲ್ಲಿ ಗರಿ ಗುಡಿಸಲು ಹಾಕ್ಕೊಂಡು ಹೋಗ್ಬೇಕು. ನಮ್ಮಪ್ಪ ಎತ್ತಿನ ಗಾಡಿಗೆ ಪಾತ್ರೆ ಹಾಕ್ತಿದ್ದ. ನಾನು ಬೆಕ್ಕು ಎತ್ಕೊಂಡು ಬಂದೆ. ಬಿಟ್ಟು ಬಾ ಅಂತ ಬೈದ.’

ಬೆಕ್ಕು ಏನಾಯಿತು ಅಂತ ಕೇಳಿದೆ. ‘ವಾಪಸ್ ಹೋದಾಗ ಇರಲಿಲ್ಲ’ ಅಂದಳು. ಅಷ್ಟೇ. ಅವಳ ಮಾತಿನಲ್ಲಿ ಅದಕ್ಕೆ ಮುಂದೆ ಏನೂ ಇರಲಿಲ್ಲ. ಕಾದಂಬರಿಯಲ್ಲಿ ಸಾವು ಬಂದಾಗ ನಾನು ಅಳುತ್ತಾ ಓದಿದೆ. ಅಜ್ಜಿ ಅಳಲಿಲ್ಲ. ಕೊನೆಯಲ್ಲಿ ನಂಜಮ್ಮನ ಮಗ, ಹುಡುಗ ವಿಶ್ವ, ಮಾದೇವಯ್ಯನವರ ಜೊತೆ ಊರು ಬಿಟ್ಟು ಹೋಗುತ್ತಾನೆ. ಪುಸ್ತಕ ಮುಗಿಯಿತು ಅಂತ ಮುಚ್ಚಿದೆ. ಅಜ್ಜಿ, ‘ಆ ಹುಡುಗ ಆಮೇಲೆ ಎಲ್ಲಿ ಉಂಡ?’ ಅಂತ ಕೇಳಿದಳು.

‘ಅಷ್ಟೇ ಅಜ್ಜಿ, ಕಥೆ ಮುಗೀತು.’

‘ಮುಗಿಯೋದು ಹೆಂಗೆ? ಹುಡುಗ ಬದುಕಿದಾನಲ್ಲ.’

ಆ ಪ್ರಶ್ನೆಗೆ ಉತ್ತರ ನನಗೆ ಸಿಕ್ಕಿದ್ದು ತುಂಬಾ ವರ್ಷ ಆದ ಮೇಲೆ. ‘ಗೃಹಭಂಗ’ 1970ರದ್ದು. ಭೈರಪ್ಪನವರ ಆತ್ಮಕಥೆ ‘ಭಿತ್ತಿ’ ಬಂದದ್ದು 1996ರಲ್ಲಿ. ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿ, ಮೊದಲ ಸಂಬಳಗಳಲ್ಲಿ ಪುಸ್ತಕ ಕೊಳ್ಳುವ ಹುರುಪು ಇದ್ದಾಗ ಗಾಂಧಿಬಜಾರಿನಲ್ಲಿ ಅದನ್ನು ಕೊಂಡೆ. ಕಾದಂಬರಿ ಎಲ್ಲಿಂದ ಬಂತು ಅಂತ ನೋಡುವ ಆಸೆ, ಬೇರೇನೂ ಅಲ್ಲ. ನಂಜಮ್ಮನ ಹಿಂದೆ ಅವರ ತಾಯಿ ಇದ್ದಾರೆ ಅಂತ ಎಲ್ಲರಿಗೂ ಗೊತ್ತಿತ್ತು. ಆದರೆ ‘ಭಿತ್ತಿ’ ಓದುವಾಗ ನನ್ನನ್ನು ಹಿಡಿದು ನಿಲ್ಲಿಸಿದ್ದು ಬೇರೆ. ಕಾದಂಬರಿ ನಿಂತ ಜಾಗದಲ್ಲಿ ಇದು ನಿಲ್ಲಲಿಲ್ಲ. ತಾಯಿ ಹೋದ ಮೇಲೂ ಹುಡುಗನಿಗೆ ಹಸಿವಾಗುತ್ತದೆ. ಶಾಲೆಗೆ ಹೋಗಬೇಕು, ಊಟಕ್ಕೆ ಅವರಿವರ ಮನೆ ನೋಡಬೇಕು. ಓದು ಅರ್ಧಕ್ಕೆ ಬಿಟ್ಟು ಅಲೆಯುತ್ತಾನೆ. ಮುಂಬೈಯಲ್ಲಿ ರೈಲ್ವೆ ಸ್ಟೇಷನ್ನಿನ ಕೂಲಿಯಾಗುತ್ತಾನೆ. ಸಾಧುಗಳ ಗುಂಪಿನ ಹಿಂದೆ ಹೋಗುತ್ತಾನೆ. ಮತ್ತೆ ಮೈಸೂರಿಗೆ ಬಂದು ಓದು ಹಿಡಿಯುತ್ತಾನೆ. ಅಜ್ಜಿ ಕೇಳಿದ್ದಕ್ಕೆ ಉತ್ತರ ಇಲ್ಲಿತ್ತು. ಹುಡುಗ ಎಲ್ಲಿ ಉಂಡ, ಯಾರ ಕೈಲಿ ಉಂಡ, ಎಷ್ಟು ದಿನ ಉಣ್ಣಲಿಲ್ಲ.

ಆ ರಾತ್ರಿ ನನಗೆ ನಿದ್ದೆ ಸರಿಯಾಗಿ ಬರಲಿಲ್ಲ. ಕಾದಂಬರಿ ಓದಿ ಅತ್ತರೆ ಮನಸ್ಸು ಹಗುರಾಗುತ್ತದೆ. ‘ಪಾಪ, ಆದರೂ ಕಥೆ ತಾನೇ’ ಅನ್ನುವ ಒಂದು ಆಸರೆ ಇರುತ್ತದೆ. ಇಲ್ಲಿ ಆ ಆಸರೆ ಇಲ್ಲ. ಓದಿದ್ದನ್ನು ಕೆಳಗಿಡಲು ಜಾಗವೇ ಇಲ್ಲ.

ಕನ್ನಡದಲ್ಲಿ ನಾವು ಇದಕ್ಕೆ ಇಟ್ಟ ಹೆಸರನ್ನೇ ನೋಡಿ. ಆತ್ಮಕಥೆ. ನಿಜವಾಗಿ ನಡೆದದ್ದನ್ನು ಹೇಳುವ ಪುಸ್ತಕದ ಹೆಸರಿನಲ್ಲೂ ಕಥೆ ಅನ್ನುವ ಮಾತಿದೆ. ದಾರಿಯಲ್ಲಿ ಸಿಕ್ಕವರನ್ನು ‘ಏನ್ರೀ ನಿಮ್ಮ ಕಥೆ?’ ಅಂತ ಕೇಳುತ್ತೇವೆ. ಅದಕ್ಕೆ ಅವರು ನಿಜವನ್ನೇ ಹೇಳಬೇಕು ಅಂತ ನಮ್ಮ ಆಸೆ. ಮಗು ಸುಳ್ಳು ಹೇಳಿದರೆ ‘ಕಥೆ ಕಟ್ಟಬೇಡ’ ಅನ್ನುತ್ತೇವೆ. ಎರಡಕ್ಕೂ ಒಂದೇ ಪದ. ಅಜ್ಜಿಗೂ ಆ ಎರಡರ ನಡುವೆ ಗೆರೆ ಇರಲಿಲ್ಲ. ನಂಜಮ್ಮ ಅವಳಿಗೆ ಪಕ್ಕದ ಊರಿನ ಒಬ್ಬಳು ಹೆಂಗಸು. ಆಮೇಲೆ ಏನಾಯಿತು ಅಂತ ಕೇಳಿ ತಿಳಿದುಕೊಳ್ಳಬಹುದಾದ ಹೆಂಗಸು.

ಪ್ಲೇಗಿನ ಎಳೆ ನನ್ನನ್ನು ಇನ್ನೊಂದು ಕಡೆಗೂ ಕರೆದುಕೊಂಡು ಹೋಯಿತು. ಬೆಂಗಳೂರಿಗೆ ಬಂದ ಹೊಸದರಲ್ಲಿ ನಾನು ಮಲ್ಲೇಶ್ವರದಲ್ಲಿ ಒಂದು ಹಳೇ ಮನೆಯ ಹಿಂಭಾಗದ ಬಾಡಿಗೆ ಕೋಣೆಯಲ್ಲಿದ್ದೆ. ಹಿತ್ತಿಲ ಬಾಗಿಲು ತೆಗೆದರೆ ಒಂದು ಸಣ್ಣ ಗಲ್ಲಿ. ಆ ಸಾಲಿನ ಮನೆಗಳ ಬೆನ್ನು, ಈ ಸಾಲಿನ ಮನೆಗಳ ಬೆನ್ನು, ನಡುವೆ ಗಾಡಿ ಕೂಡ ಸರಿಯಾಗಿ ಹೋಗದ ದಾರಿ. ಕನ್ಸರ್ವೆನ್ಸಿ ಗಲ್ಲಿ ಅನ್ನುತ್ತಿದ್ದರು. ಯಾಕೆ ಇದೆ ಅಂತ ನಾನು ಯೋಚಿಸಿಯೇ ಇರಲಿಲ್ಲ. ಒಮ್ಮೆ ಬೆಂಗಳೂರಿನ ಚರಿತ್ರೆಯ ಬಗ್ಗೆ ಒಂದು ಪುಸ್ತಕ ಕೈಗೆ ಬಂತು. ಇಂಥ ಪುಸ್ತಕವನ್ನು ನಾನು ಹತ್ತು ಪುಟ ಓದಿ ಬಿಡುವವಳು. ಅದರಲ್ಲಿ 1898 ಅನ್ನುವ ಇಸವಿ ಸಿಕ್ಕಿತು. ಆ ವರ್ಷ ಪ್ಲೇಗು ಬೆಂಗಳೂರಿಗೆ ಬಂತು. ಪೇಟೆಯ ಒತ್ತೊತ್ತಾದ ಮನೆಗಳಲ್ಲಿ ಜನ ಸತ್ತರು. ಮಲ್ಲೇಶ್ವರ, ಬಸವನಗುಡಿ ಬಡಾವಣೆಗಳು ಗಾಳಿ ಬೆಳಕು ಇರುವ ಹಾಗೆ, ನೇರ ರಸ್ತೆಗಳ ಜೊತೆ ಬೆಳೆದದ್ದು ಆ ಭಯದ ದಿನಗಳಲ್ಲಿ. ಮನೆಗಳ ಹಿಂದೆ ಆ ಗಲ್ಲಿ ಬಿಟ್ಟದ್ದು ಕಸ, ಮಲ ಸಾಗಿಸುವವರು ಹಿಂದಿನಿಂದಲೇ ಬಂದು ಹೋಗಲಿ ಅಂತ.

ಪುಸ್ತಕ ಹಿಡಿದುಕೊಂಡೇ ಹಿತ್ತಿಲ ಬಾಗಿಲು ತೆಗೆದೆ. ಗಲ್ಲಿಯಲ್ಲಿ ಯಾರದೋ ಮನೆಯ ನುಗ್ಗೆಮರದ ಹೂ ಉದುರಿತ್ತು. ಎರಡು ಹಳೇ ಟೈರು, ಒಂದು ಮುರಿದ ತೊಟ್ಟಿಲು. ದಿನಾ ನೋಡುವ ಗಲ್ಲಿಯೇ. ಆದರೆ ಆ ದಿನ ನನಗೆ ಜಂತೆಯಿಂದ ಬೀಳುವ ಇಲಿ ನೆನಪಾಯಿತು. ಆ ಗಲ್ಲಿಯಲ್ಲಿ ತಲೆಯ ಮೇಲೆ ಡಬ್ಬ ಹೊತ್ತು ನಡೆದವರು ನೆನಪಾದರು. ಅವರಿಗಾಗಿಯೇ ಒಂದು ಬೇರೆ ದಾರಿ ಮಾಡಿದ್ದರು, ಮುಂದಿನ ಬಾಗಿಲಿನಿಂದ ಕಾಣದ ಹಾಗೆ. ಅವರಲ್ಲಿ ಒಬ್ಬರ ಹೆಸರೂ ಆ ಪುಸ್ತಕದಲ್ಲಿ ಇರಲಿಲ್ಲ. ಕಾದಂಬರಿ ಆಗಿದ್ದರೆ ಒಬ್ಬರಿಗಾದರೂ ಹೆಸರು ಸಿಗುತ್ತಿತ್ತು. ಚರಿತ್ರೆಯ ಪುಸ್ತಕಗಳಲ್ಲಿ ನನಗೆ ಇವತ್ತಿಗೂ ಕಷ್ಟವಾಗುವುದು ಇದೇ. ಇಸವಿ ಇರುತ್ತದೆ, ರಸ್ತೆಯ ಅಳತೆ ಇರುತ್ತದೆ, ನಡೆದವರು ಇರುವುದಿಲ್ಲ.

ನಡೆದವರೇ ಬರೆದಾಗ ಏನಾಗುತ್ತದೆ ಅಂತ ಗೊತ್ತಾದದ್ದು ಸಿದ್ಧಲಿಂಗಯ್ಯನವರ ‘ಊರುಕೇರಿ’ ಓದಿದಾಗ. ಅವರು ಮಾಗಡಿ ತಾಲ್ಲೂಕಿನ ಮಂಚನಬೆಲೆಯಲ್ಲಿ ಹುಟ್ಟಿದವರು. ಪುಸ್ತಕದ ಶುರುವಿನಲ್ಲೇ ಒಂದು ಚಿತ್ರ ಬರುತ್ತದೆ. ಇಬ್ಬರು ಗಂಡಸರು ಎತ್ತುಗಳ ಹಾಗೆ ಹೆಗಲಿಗೆ ನೊಗ ಹೊತ್ತು ನೇಗಿಲು ಎಳೆಯುತ್ತಿದ್ದಾರೆ. ಮೂರನೆಯವನು ಹಿಂದಿನಿಂದ ಉಳುತ್ತಿದ್ದಾನೆ. ಮಗುವಿಗೆ ಅದು ತಮಾಷೆಯ ಆಟ. ನೊಗಕ್ಕೆ ಹೆಗಲು ಕೊಟ್ಟವರಲ್ಲಿ ಒಬ್ಬರು ಆ ಮಗುವಿನ ಅಪ್ಪ.

ಈ ಜಾಗದಲ್ಲಿ ನಾನು ಪುಸ್ತಕ ಮಡಚಿ ಎದ್ದು ಹೋಗಿ ನೀರು ಕುಡಿದು ಬಂದೆ. ಯಾಕೆ ಅಷ್ಟು ತಾಗಿತು ಅಂತ ಆಮೇಲೆ ಯೋಚಿಸಿದೆ. ಸಿದ್ಧಲಿಂಗಯ್ಯ ಅಲ್ಲಿ ಕೂಗುವುದಿಲ್ಲ. ಇದು ಅನ್ಯಾಯ ಅಂತ ಬರೆಯುವುದಿಲ್ಲ. ಮಗು ಕಂಡದ್ದನ್ನು ಮಗು ಕಂಡ ಹಾಗೆ ಇಟ್ಟು ಮುಂದೆ ಹೋಗುತ್ತಾರೆ. ಪುಸ್ತಕದ ತುಂಬ ನಗು ಇದೆ. ನಾನೂ ಎಷ್ಟೋ ಕಡೆ ಜೋರಾಗಿ ನಕ್ಕೆ. ನಗುತ್ತಾ ನಗುತ್ತಾ ಆ ನೊಗ ಮಾತ್ರ ತಲೆಯಿಂದ ಹೋಗಲಿಲ್ಲ. ಕಾದಂಬರಿಯಲ್ಲಿ ಇಂಥ ಚಿತ್ರ ಬಂದಿದ್ದರೆ ‘ಎಂಥ ಪ್ರತಿಮೆ!’ ಅಂತ ಮೆಚ್ಚುತ್ತಿದ್ದೆ. ಇಲ್ಲಿ ಮೆಚ್ಚುವುದು ಹೇಗೆ? ಅದು ಒಬ್ಬರ ಅಪ್ಪನ ಹೆಗಲು.

ಗಿರೀಶ ಕಾರ್ನಾಡರ ‘ಆಡಾಡತ ಆಯುಷ್ಯ’ದ ಅರ್ಪಣೆಯೂ ಹಾಗೇ ಉಳಿದಿದೆ. ಕಾರ್ನಾಡರು ಹೊಟ್ಟೆಯಲ್ಲಿದ್ದಾಗ ತಾಯಿಗೆ ಇನ್ನೊಂದು ಮಗು ಬೇಡವಾಗಿತ್ತು. ಪುಣೆಯಲ್ಲಿ ಮಧುಮಾಲತಿ ಗುಣೆ ಅನ್ನುವ ಡಾಕ್ಟರ ಹತ್ತಿರ ಹೋದರು. ಕಾದರು. ಡಾಕ್ಟರು ಬರಲಿಲ್ಲ. ಮನೆಗೆ ವಾಪಸ್ ಬಂದರು, ಆಮೇಲೆ ಮತ್ತೆ ಹೋಗಲಿಲ್ಲ. ಆತ್ಮಕಥೆಯನ್ನು ಕಾರ್ನಾಡರು ಆ ಡಾಕ್ಟರಿಗೇ ಅರ್ಪಿಸಿದ್ದಾರೆ. ಕಥೆಗಾರರು ಇದನ್ನು ಬರೆದಿದ್ದರೆ ‘ಇದು ತೀರಾ ಜಾಸ್ತಿಯಾಯಿತು’ ಅಂತ ಓದುವವರೇ ಹೇಳುತ್ತಿದ್ದರು. ನಿಜಕ್ಕೆ ಆ ಹಂಗಿಲ್ಲ. ನನ್ನ ಮನಸ್ಸು ಮಾತ್ರ ಆ ಡಾಕ್ಟರ ಹಿಂದೆ ಹೋಗುತ್ತದೆ. ಆ ದಿನ ಅವರು ಎಲ್ಲಿದ್ದರು? ಇನ್ನೊಂದು ಹೆರಿಗೆಯ ಮನೆಯಲ್ಲೋ, ಮಳೆಯಲ್ಲಿ ಸಿಕ್ಕಿಕೊಂಡರೋ, ತಮ್ಮದೇ ಮಗುವಿಗೆ ಜ್ವರವೋ? ಅವರು ಬರದೇ ಇದ್ದದ್ದರಿಂದ ಕನ್ನಡಕ್ಕೆ ‘ತುಘಲಕ್’ ಬಂತು.

ಹೀಗೆ ಓದುತ್ತಾ ಓದುತ್ತಾ ಒಂದು ವಿಷಯ ನನಗೆ ಹೊಳೆಯಿತು. ಕಾದಂಬರಿಯಲ್ಲಿ ಬರುವವರಿಗೆ ಲೇಖಕರು ಕೊಟ್ಟಷ್ಟೇ ಬದುಕು. ಪುಟದ ಆಚೆ ಅವರಿಲ್ಲ. ಆತ್ಮಕಥೆಯಲ್ಲಿ ಒಂದೇ ಒಂದು ಸಾಲಿನಲ್ಲಿ ಬಂದು ಹೋಗುವವರಿಗೂ ಆ ಸಾಲಿನ ಆಚೆ ಒಂದಿಡೀ ಬದುಕಿದೆ. ಅವರಿಗೆ ಅವರದೇ ಹಸಿವು, ಅವರದೇ ಸಿಟ್ಟು. ಆ ದಿನವನ್ನು ಅವರು ಬೇರೆ ಥರ ನೆನಪಿಟ್ಟುಕೊಂಡಿರುತ್ತಾರೆ. ಒಬ್ಬರು ತಮ್ಮ ಕಥೆ ಹೇಳುವಾಗ ಸುತ್ತ ಇರುವವರೆಲ್ಲ ತಮ್ಮ ಕಥೆಯನ್ನು ಬಾಯಲ್ಲಿ ಇಟ್ಟುಕೊಂಡು ಸುಮ್ಮನೆ ಕೂತಿರುತ್ತಾರೆ.

ಕೆಲವು ಸಲ ಅವರೂ ಬರೆಯುತ್ತಾರೆ. ಕನ್ನಡದ ಭಾಗ್ಯ ಇದು. ಲಂಕೇಶರ ಆತ್ಮಕಥೆ ‘ಹುಳಿಮಾವಿನ ಮರ’. ನಾನು ಅದನ್ನು ಲಂಕೇಶರ ಕಥೆಗಳ ರುಚಿಗಾಗಿ ಓದಿದೆ. ಆ ಗದ್ಯ ಹಾಗಿದೆ. ಮುಗಿಸಿದಾಗ ಒಬ್ಬ ಮನುಷ್ಯನನ್ನು ಪೂರ್ತಿ ಕಂಡೆ ಅನಿಸಿತ್ತು. ಎಷ್ಟೋ ವರ್ಷದ ಮೇಲೆ ಇಂದಿರಾ ಲಂಕೇಶರ ಪುಸ್ತಕ ಬಂತು. ಹೆಸರು ‘ಹುಳಿಮಾವು ಮತ್ತು ನಾನು’. ಆ ಹೆಸರನ್ನು ನಿಧಾನವಾಗಿ ಓದಿ ನೋಡಿ. ಗಂಡ ಇಟ್ಟ ಹೆಸರನ್ನೇ ಎತ್ತಿಕೊಂಡು ಪಕ್ಕದಲ್ಲಿ ಎರಡೇ ಪದ ಸೇರಿಸಿದ್ದಾರೆ. ‘ಮತ್ತು ನಾನು’. ಮೊದಲ ಪುಸ್ತಕದಲ್ಲಿ ನಾನು ಕಂಡ ಮನೆಯೇ ಇಲ್ಲೂ ಇತ್ತು. ಆದರೆ ಇದು ಅಡುಗೆಮನೆಯ ಬಾಗಿಲಿನಿಂದ ಕಂಡ ಮನೆ. ಯಾರು ಯಾವಾಗ ಬಂದರು, ಎಷ್ಟು ಜನಕ್ಕೆ ಅನ್ನ ಇಡಬೇಕಾಯಿತು, ಮಕ್ಕಳ ಜ್ವರ, ದುಡ್ಡಿನ ಚಿಂತೆ. ಎರಡೂ ಓದಿದ ಮೇಲೆ ಯಾರದು ಸರಿ ಅಂತ ತೀರ್ಪು ಕೊಡಬೇಕು ಅಂತ ನನಗೆ ಅನಿಸಲಿಲ್ಲ. ಮೊದಲ ಪುಸ್ತಕ ಓದಿದಾಗ ಈ ಹೆಂಗಸು ಎಲ್ಲಿದ್ದಾರೆ ಅಂತ ನಾನು ಕೇಳಿಕೊಂಡೇ ಇರಲಿಲ್ಲವಲ್ಲ ಅನ್ನುವುದು ಮಾತ್ರ ಚುಚ್ಚಿತು.

ಕುವೆಂಪು ಅವರ ಮನೆಯದು ಇನ್ನೂ ದೊಡ್ಡ ಸಂಪತ್ತು. ತಮ್ಮ ಬಗ್ಗೆ ಅವರು ‘ನೆನಪಿನ ದೋಣಿಯಲ್ಲಿ’ ಬರೆದರು. ಮಗ ತೇಜಸ್ವಿ ‘ಅಣ್ಣನ ನೆನಪು’ ಬರೆದರು. ಮಗಳು ತಾರಿಣಿ ‘ಮಗಳು ಕಂಡ ಕುವೆಂಪು’ ಬರೆದರು. ಸೊಸೆ ರಾಜೇಶ್ವರಿಯವರು ‘ನನ್ನ ತೇಜಸ್ವಿ’ ಬರೆದರು. ಒಂದು ಮನೆಗೆ ನಾಲ್ಕು ಬಾಗಿಲು. ‘ಮಲೆಗಳಲ್ಲಿ ಮದುಮಗಳು’ ಓದಿ ಅದರ ಕಾಡಿನಲ್ಲಿ ತಿಂಗಳುಗಟ್ಟಲೆ ಕಳೆದುಹೋಗಿದ್ದ ನನಗೆ, ಆ ಕಾಡು ಬರೆದವರು ಮನೆಯಲ್ಲಿ ಒಬ್ಬ ತಂದೆ ಅನ್ನುವುದನ್ನು ಮಕ್ಕಳ ಪುಸ್ತಕಗಳೇ ತೋರಿಸಿದವು. ತೇಜಸ್ವಿ ತಂದೆಯನ್ನು ‘ಅಣ್ಣ’ ಅನ್ನುತ್ತಾರೆ. ನಮ್ಮ ಕಡೆಯ ಹಳೇ ಮನೆಗಳಲ್ಲೂ ಅಪ್ಪನನ್ನು ಅಣ್ಣ ಅನ್ನುತ್ತಿದ್ದರು. ಆ ಒಂದು ಪದದಿಂದಲೇ ಆ ದೊಡ್ಡ ಹೆಸರು ನಮ್ಮ ಜಗುಲಿಗೆ ಬಂದು ಕೂತ ಹಾಗಾಯಿತು.

ಡಿ.ವಿ.ಜಿ.ಯವರದು ಬೇರೆಯೇ ದಾರಿ. ಎಂಟು ಸಂಪುಟಗಳ ‘ಜ್ಞಾಪಕ ಚಿತ್ರಶಾಲೆ’ಯಲ್ಲಿ ಅವರು ಬರೆದದ್ದೆಲ್ಲ ತಾವು ಕಂಡ ಬೇರೆಯವರ ಬಗ್ಗೆ. ದಿವಾನರು, ಸಂಗೀತಗಾರರು, ವೈದಿಕರು, ಊರಿನ ಸಾಮಾನ್ಯರು. ಅದನ್ನು ಒಂದೇ ಓಟಕ್ಕೆ ಓದಲು ಆಗುವುದಿಲ್ಲ. ನಾನು ಪ್ರಯತ್ನವನ್ನೂ ಮಾಡಲಿಲ್ಲ. ಮಳೆಗಾಲದ ಸಂಜೆ ಒಬ್ಬರನ್ನು ಓದುತ್ತೇನೆ, ಸಾಕು. ಅವರ ಮಗ ಬಿ.ಜಿ.ಎಲ್. ಸ್ವಾಮಿಯವರ ‘ಹಸುರು ಹೊನ್ನು’ ಕೂಡ ಹಾಗೆ ನಿಧಾನವಾಗಿ ತಿನ್ನುವ ಪುಸ್ತಕ. ಸಸ್ಯಶಾಸ್ತ್ರದ ಮೇಷ್ಟ್ರು ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಕಾಡು ಸುತ್ತುವುದು, ಗಿಡ ಗುರುತಿಸುವುದು, ಜೊತೆಗೆ ಅವರೇ ಬಿಡಿಸಿದ ಚಿತ್ರಗಳು. ಗಿಡದ ಬಗ್ಗೆ ಆಸಕ್ತಿಯೇ ಇಲ್ಲದ ನನ್ನನ್ನು ಅದು ಹಿಡಿದುಕೊಂಡದ್ದು ಅದರಲ್ಲಿರುವ ಹುಡುಗ ಹುಡುಗಿಯರ ಮಾತಿನಿಂದ. ಕಾದಂಬರಿ ಓದುವವರಿಗೆ ‘ಈ ಹಲಗೆಯಲ್ಲಿ ಯಾವುದರಿಂದ ಶುರು ಮಾಡಲಿ?’ ಅನ್ನುವ ಪ್ರಶ್ನೆ ಇದ್ದರೆ ನಾನು ಇದನ್ನೇ ಕೈಗೆ ಕೊಡುತ್ತೇನೆ.

ಈಗ ನಮ್ಮ ಮನೆಯದೇ ಒಂದು ಪುಸ್ತಕದ ಮಾತು. ಅದು ಯಾವ ಅಂಗಡಿಯಲ್ಲೂ ಸಿಗುವುದಿಲ್ಲ.

ಅಜ್ಜಿಗೆ ಒಬ್ಬ ಅಣ್ಣ. ಪ್ರೈಮರಿ ಸ್ಕೂಲ್ ಮೇಷ್ಟ್ರಾಗಿದ್ದರು. ನಾವೆಲ್ಲ ಅವರನ್ನು ಮೇಷ್ಟ್ರ ತಾತ ಅನ್ನುತ್ತಿದ್ದೆವು. ರಿಟೈರ್ ಆಗಿ ಎಷ್ಟೋ ವರ್ಷದ ಮೇಲೆ, 1998ರಲ್ಲಿ, ತಮ್ಮ ಜೀವನ ಚರಿತ್ರೆಯನ್ನು ತಾವೇ ಬರೆದು ತುಮಕೂರಿನ ಒಂದು ಪ್ರೆಸ್ಸಿನಲ್ಲಿ 200 ಪ್ರತಿ ಅಚ್ಚು ಹಾಕಿಸಿದರು. 84 ಪುಟ. ಹಳದಿ ರಟ್ಟು, ಮೇಲೆ ಅವರ ಪಾಸ್‌ಪೋರ್ಟ್ ಸೈಜಿನ ಫೋಟೋ. ಪೆನ್ಷನ್ ದುಡ್ಡಿನಲ್ಲಿ ಮಾಡಿಸಿದ್ದು. ಮನೆಮನೆಗೂ ಹೋಗಿ ಕೊಟ್ಟರು. ಪ್ರತಿ ಪುಸ್ತಕದ ಮೊದಲ ಪುಟದಲ್ಲಿ ಮೇಷ್ಟ್ರ ದುಂಡು ಅಕ್ಷರದಲ್ಲಿ ಹೆಸರು ಬರೆದು ಕೊಟ್ಟರು.

ಆಗ ನಾನು ಅದನ್ನು ಮೂರು ಪುಟ ಓದಿ ಇಟ್ಟೆ. ಯಾವ ವರ್ಷ ಯಾವ ಊರಿಗೆ ವರ್ಗ, ಸಂಬಳ ಎಷ್ಟು, ಇನ್ಸ್‌ಪೆಕ್ಟರು ಬಂದಾಗ ಮಕ್ಕಳು ಮಗ್ಗಿ ಹೇಳಿದ್ದು. ಅಜ್ಜಿ ಮಾತ್ರ ಪೂರ್ತಿ ಓದಿದಳು. ಅಷ್ಟು ಹೊತ್ತಿಗೆ ಕಣ್ಣಿನ ಆಪರೇಷನ್ ಆಗಿತ್ತು, ದಪ್ಪ ಗಾಜಿನ ಕನ್ನಡಕ ಬಂದಿತ್ತು. ಕೂಲಿಮಠದಲ್ಲಿ ಎರಡು ವರ್ಷ ಕಲಿತ ಅಕ್ಷರ. ಬೆರಳು ಇಟ್ಟುಕೊಂಡು, ತುಟಿ ಅಲ್ಲಾಡಿಸುತ್ತಾ, ದಿನಕ್ಕೆ ಒಂದು ಒಂದೂವರೆ ಪುಟ. ಎರಡು ತಿಂಗಳ ಮೇಲೆ ಓದಿರಬೇಕು. ಅಷ್ಟು ಶ್ರದ್ಧೆಯಿಂದ ಪುಸ್ತಕ ಓದಿದವರನ್ನು ನಾನು ಇನ್ನೊಬ್ಬರನ್ನು ಕಂಡಿಲ್ಲ.

ಒಂದು ದಿನ ನಾನು ಊರಿಗೆ ಹೋದಾಗ ಆ ಪುಸ್ತಕ ತಂದು ನನ್ನ ಮುಂದೆ ಹಿಡಿದಳು. 23ನೇ ಪುಟ. ಬೆರಳು ಒಂದು ಸಾಲಿನ ಮೇಲೆ. ‘ಇದೇ ವರ್ಷ ತಂಗಿಯ ವಿವಾಹವು ಸಾಂಗವಾಗಿ ನೆರವೇರಿತು.’ ಅದರ ಮುಂದಿನ ಸಾಲು ಅವರಿಗೆ ಅರಸೀಕೆರೆ ಕಡೆಗೆ ವರ್ಗವಾದದ್ದು. 84 ಪುಟದಲ್ಲಿ ಅಜ್ಜಿ ಇರುವುದು ಈ ಒಂದು ಸಾಲಿನಲ್ಲಿ. ಹೆಸರೂ ಇಲ್ಲ.

ನನಗೆ ಬೇಜಾರಾಯಿತು. ಅಜ್ಜಿಗೂ ಅದೇ ಬೇಜಾರು ಅಂದುಕೊಂಡೆ. ಏನಾದರೂ ಸಮಾಧಾನ ಹೇಳೋಣ ಅಂತ ಬಾಯಿ ತೆಗೆದೆ.

‘ಸೀರೆ ಬಣ್ಣ ಬರೆದಿಲ್ಲ ನೋಡು ಅಣ್ಣಯ್ಯ’ ಅಂದಳು ಅಜ್ಜಿ. ಧ್ವನಿಯಲ್ಲಿ ದೂರು ಇರಲಿಲ್ಲ. ಸಾರಿಗೆ ಉಪ್ಪು ಮರೆತಿದ್ದಾರೆ ಅನ್ನುವ ಹಾಗೆ ಹೇಳಿದಳು. ‘ಅವನೇ ಅರಸೀಕೆರೆ ಸಂತೆಯಿಂದ ತಂದಿದ್ದು. ಮೊದಲನೇ ಸಂಬಳದಲ್ಲಿ. ಮರೆತುಬಿಟ್ಟಿದಾನೆ.’

ಆ ಮಧ್ಯಾಹ್ನ ಅವಳು ಹೇಳುತ್ತಾ ಹೋದಳು. ಹದಿನಾಲ್ಕು ವರ್ಷ ಅವಳಿಗೆ. ಧಾರೆಯ ಹೊತ್ತಿಗೆ ಮಳೆ ಬಂದು ಚಪ್ಪರದ ಗರಿಯಿಂದ ನೀರು ಇಳಿಯಿತು. ಅಣ್ಣಯ್ಯ ಒಂದು ಕಂಬಳಿ ತಂದು ಅವಳ ತಲೆಯ ಮೇಲೆ ಹಿಡಿದು ನಿಂತ, ಮುಹೂರ್ತ ಮುಗಿಯುವ ತನಕ, ತಾನು ಪೂರ್ತಿ ನೆನೆದ. ಸೀರೆ ನೆನೆಯಬಾರದು ಅಂತ. ಆದರೂ ಸೆರಗಿನ ತುದಿ ನೆನೆದು ಬಣ್ಣ ಬಿಟ್ಟುಕೊಂಡು ಅವಳ ಕಾಲ ಮೇಲೆಲ್ಲ ಆಯಿತು. ಗಂಡನ ಮನೆಯಲ್ಲಿ ಹೊಸಲು ದಾಟುವಾಗ ಅತ್ತೆ ಆ ಕಾಲು ನೋಡಿ ಗಾಬರಿಯಾದರಂತೆ.

ಅಜ್ಜಿ 2009ರಲ್ಲಿ ಹೋದಳು. ಮೇಷ್ಟ್ರ ತಾತ ಅದಕ್ಕೂ ಮೊದಲೇ ಹೋಗಿದ್ದರು. ಅಜ್ಜಿಯ ಹೆಸರು ಬರೆದಿರುವ ಆ ಹಳದಿ ಪುಸ್ತಕ ಈಗ ನನ್ನ ಕೆಳಗಿನ ಹಲಗೆಯಲ್ಲಿದೆ, ‘ಭಿತ್ತಿ’ಯ ಪಕ್ಕದಲ್ಲಿ. ಭೈರಪ್ಪನವರು ಹೋದ ದಿನ ನೆಲದ ಮೇಲೆ ಕೂತಾಗ ಅದೂ ಕೈಗೆ ಬಂತು. 23ನೇ ಪುಟ ತೆಗೆದೆ. ಆ ಸಾಲಿನ ಪಕ್ಕದ ಖಾಲಿ ಜಾಗದಲ್ಲಿ ಅವತ್ತು ಅಜ್ಜಿಯ ಮುಂದೆಯೇ ನಾನು ಪೆನ್ಸಿಲಿನಲ್ಲಿ ಬರೆದದ್ದು ಇನ್ನೂ ಅಳಿಸಿಲ್ಲ. ‘ಕುಂಕುಮದ ಬಣ್ಣ. ಹಸಿರು ಅಂಚು.’